ಬಸ್ಸು ಫ್ರೀ ಆದ್ರೆ ಮಗಳೂ ಫ್ರೀನಾ?

ಅಕ್ಕಂದಿರೇ, ಅತ್ತಿಗೆದೀರೇ, ಈ ಸಲ ಅಡುಗೆ ವಿಷ್ಯ ಇಲ್ಲ. ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿ ಸುಟ್ಟು ಹಾಕ್ಬೇಕೋ ಹಸೀದೇ ಹಾಕ್ಬೇಕೋ ಅಂತ ಮೂರು ಜನ ಕೇಳಿದ್ದೀರಿ, ಅದನ್ನ ಮುಂದಿನ ಸಲ ಬರೀತೀನಿ. ಈ ಸಲ ಒಂದು ಜಗಳದ ವಿಷ್ಯ ಐತೆ. ನಾನು ಹೇಳೋದು ಇಷ್ಟೇ: ಹೆಂಗಸ್ರಿಗೆ ಬಸ್ಸು ಫ್ರೀ ಆದ್ಮೇಲೆ, ವಯಸ್ಸಾದ ಅಪ್ಪ-ಅವ್ವನ್ನ ನೋಡ್ಕೊಂಡು ಬರೋ ಕೆಲಸ ಸದ್ದಿಲ್ದಂಗೆ ಪೂರಾ ಹೆಣ್ಮಕ್ಕಳ ತಲೆ ಮೇಲೆ ಬಂದು ಕೂತೈತೆ. "ನಿಂಗೇನವ್ವ, ಬಸ್ಸು ಫ್ರೀ, ಹೋಗ್ಬಾ" ಅನ್ನೋ ಮಾತು ನಿಮ್ ಮನೇಲೂ ಕೇಳಿರ್ತೀರಿ. ನಮ್ ಮನೇಲಂತೂ ವಾರಕ್ಕೆ ಎರಡು ಸಲ ಕೇಳ್ತದೆ.

ಮೊದ್ಲೇ ಒಂದು ಮಾತು ಹೇಳ್ಬುಡ್ತೀನಿ, ಆಮೇಲೆ ನನ್ನ ಮೇಲೆ ಬೀಳ್ಬೇಡಿ. ಶಕ್ತಿ ಯೋಜನೆ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. 2023ರ ಜೂನ್ 11ನೇ ತಾರೀಕು ಭಾನುವಾರ ಅದು ಶುರುವಾದಾಗ ನಮ್ಮ ಮಿರ್ಲೆ ಬಸ್ ಸ್ಟಾಪಲ್ಲಿ ಹೆಂಗಸರ ಮುಖ ನೋಡ್ಬೇಕಿತ್ತು. ಅದಕ್ಕೂ ಮುಂಚೆ ನಾನು ತವರಿಗೆ ಹೋಗ್ಬೇಕು ಅಂದ್ರೆ ಯಜಮಾನ್ರ ಹತ್ರ ದುಡ್ಡು ಕೇಳ್ಬೇಕಿತ್ತು. ಅವ್ರು ಕೊಡಲ್ಲ ಅಂತಿರ್ಲಿಲ್ಲ, "ಮೊನ್ನೆ ತಾನೆ ಹೋಗಿದ್ಯಲ್ಲ" ಅನ್ನೋರು. ಆ ಮಾತು ಒಂದೇ ಸಾಕು, ಚೀಲ ಒಳಗಿಡೋಕೆ. ಸಾಸಿವೆ ಡಬ್ಬೀಲಿ ಐವತ್ತು-ನೂರು ಮುಚ್ಚಿಟ್ಟು ಬಸ್ ಚಾರ್ಜು ಜೋಡಿಸ್ಕೊಂಡಿದ್ದು ನಾನೊಬ್ಬಳೇ ಅಲ್ಲ ಬುಡಿ. ಈಗ ಆಧಾರ್ ಕಾರ್ಡು ತೋರ್ಸು, ಸೊನ್ನೆ ಟಿಕೆಟ್ ಇಸ್ಕೋ, ಕೂತ್ಕೋ. ಯಾರ ಮುಖಾನೂ ನೋಡೋ ಹಂಗಿಲ್ಲ. ಈ ಒಂದು ವಿಷ್ಯಕ್ಕೆ ನಾನು ಅದನ್ನ ಯಾವತ್ತೂ ಬಿಟ್ಕೊಡಲ್ಲ. "ಫ್ರೀ ಅಂತ ಹೆಂಗಸ್ರು ಊರೂರು ಸುತ್ತಾಡ್ತಾರೆ" ಅನ್ನೋ ಗಂಡಸ್ರಿಗೂ ಒಂದು ಮಾತು: ಹೌದು, ಸುತ್ತಾಡ್ತೀವಿ. ನೀವು ಅರಳಿಕಟ್ಟೇಲಿ ಕೂತು ಸವೆಸಿದ ಕಾಲದಲ್ಲಿ ಅರ್ಧನೂ ನಾವು ಇನ್ನೂ ಸುತ್ತಿಲ್ಲ.

ಈಗ ನನ್ನ ವಿಷ್ಯಕ್ಕೆ ಬರ್ತೀನಿ. ನನ್ನ ತವರು ಗಂಜಾಂ. ಶ್ರೀರಂಗಪಟ್ಣ ಅಂದ್ರೆ ನಾವೆಲ್ಲ ಗುಡಿ, ಕೋಟೆ, ಟಿಪ್ಪು ಅಂತ ಅಂದ್ಕೋತೀವಿ, ಅದು ದ್ವೀಪ ಅನ್ನೋದು ತಲೇಗೇ ಬರಲ್ಲ. ಕಾವೇರಿ ಎರಡಾಗಿ ಹರಿದು ಸಂಗಮದ ಹತ್ರ ಮತ್ತೆ ಸೇರ್ತಾಳೆ, ಮಧ್ಯೆ ಇರೋ ನೆಲದ ಮೇಲೆ ಪಟ್ಣ, ಗಂಜಾಂ ಎಲ್ಲಾ ಐತೆ. ನಮ್ಮವ್ವನಿಗೆ ಎಂಬತ್ತೆರಡು. ಒಂದು ಕಣ್ಣು ಆಪರೇಷನ್ ಆಗೈತೆ, ಬಿಪಿ, ಶುಗರ್ ಎರಡೂ ಅವೆ. ನಿಮಿಷಾಂಬ ಗುಡಿ ಗಂಟೆ ಕೇಳಿಸೋವಷ್ಟು ದೂರದಲ್ಲಿ ಹಂಚಿನ ಮನೆ. ಅಲ್ಲಿಂದ ಏಳಲ್ಲ. ಮೈಸೂರಿನ ತಮ್ಮ ಕರೆದ, ಬೆಂಗಳೂರಿನ ಅಣ್ಣ ಕರೆದ, ನಾನೂ ಮಿರ್ಲೆಗೆ ಕರ್ಕೊಂಡ್ ಬಂದು ಹದಿನೈದು ದಿನ ಇಟ್ಕೊಂಡಿದ್ದೆ. "ಇಲ್ಲಿ ಬೆಳಗಾದ್ರೆ ಹೊಳೆ ಕಾಣಲ್ಲವಲ್ಲವ್ವ" ಅಂದು ಮಂಕಾಗಿ ಕೂತ್ಬುಡ್ತು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ನೀರು ಬಿಟ್ಟ ದಿನ ಗುಡಿ ಮುಂದಿನ ಮೆಟ್ಟಿಲೆಲ್ಲಾ ಮುಳುಗ್ತವೆ, ಪೊಲೀಸ್ನೋರು ಹೊಳೆ ಹತ್ರ ಬಿಡಲ್ಲ. ಅವತ್ತೂ ಅವ್ವ ಜಗುಲಿ ಮೇಲೆ ಕೂತು ನೀರಿನ ಸದ್ದು ಕೇಳ್ತಾ ಇರ್ತದೆ. ಅದನ್ನ ಅಲ್ಲಿಂದ ಎಬ್ಬಿಸೋದು ಪಾಪ ಅಂತ ನಮ್ಗೆಲ್ಲಾ ಗೊತ್ತಾಗಿ ಸುಮ್ನಾದ್ವಿ. ರಾತ್ರಿ ಹೊತ್ತು ಪಕ್ಕದ್ಮನೆಯೋರ ಹುಡುಗಿ ಬಂದು ಮಲಗ್ತಾಳೆ. ಹಗಲು ಹೊತ್ತಿಗೆ ವಾರಕ್ಕೆ ಎರಡು ಸಲ ಯಾರಾದ್ರೂ ಹೋಗಿ ಬರ್ಬೇಕು, ಮಾತ್ರೆ ಡಬ್ಬಿ ತುಂಬ್ಬೇಕು, ತಲೆಗೆ ನೀರು ಹಾಕ್ಬೇಕು, ಬಟ್ಟೆ ಒಗೀಬೇಕು. ಆ "ಯಾರಾದ್ರೂ" ನಾನೇ.

ಹೆಂಗೆ ನಾನೇ ಆದೆ ಅಂತ ಕೇಳಿ. ಯಾರೂ ಕೂತು ತೀರ್ಮಾನ ಮಾಡ್ಲಿಲ್ಲ. ಮೊದ್ಲು ಮೂರೂ ಜನ ಸರದಿ ಮೇಲೆ ಹೋಗ್ತಿದ್ವಿ. ತಮ್ಮ ಮೈಸೂರಲ್ಲಿ ಅವ್ನೆ, ಅಲ್ಲಿಂದ ಪಟ್ಣಕ್ಕೆ ಹದಿನೈದು ಕಿಲೋಮೀಟ್ರು. ಅಣ್ಣ ಬೆಂಗಳೂರಿಂದ ಕಾರಲ್ಲಿ ಬರ್ತಿದ್ದ. 2023ರ ಮಾರ್ಚಲ್ಲಿ ಹೊಸ ಹೈವೇ ಆಯ್ತು, ಜುಲೈ ಒಂದನೇ ತಾರೀಕಿಂದ ಗಣಂಗೂರಲ್ಲಿ ಟೋಲೂ ಶುರುವಾಯ್ತು. ಅದೇ ಹೊತ್ತಿಗೆ ಸರಿಯಾಗಿ ನಮ್ಮ ಬಸ್ಸು ಫ್ರೀ ಆಗಿತ್ತು. ಅಣ್ಣ ಫೋನಲ್ಲಿ ಅಂದ, "ಒಂದ್ಸಲ ಬಂದ್ಹೋದ್ರೆ ಪೆಟ್ರೋಲು, ಟೋಲು ಸೇರಿ ಮೂರು ಸಾವಿರ ಆಗ್ತದೆ ಕಣಮ್ಮಿ, ನಿಂಗಾದ್ರೆ ಫ್ರೀ ಅಲ್ವಾ." ತಮ್ಮನ ಬೈಕನ್ನ ಆ ಆಗಸ್ಟಿಂದ ಹೈವೇ ಮೇಲೆ ಬಿಡ್ತಿಲ್ಲ, ಸರ್ವಿಸ್ ರೋಡಲ್ಲಿ ಬರ್ಬೇಕು, ಅವ್ನಿಗೆ ಅದೊಂದು ನೆಪ. ಇನ್ನು ಅವ್ನು ಬಸ್ಸಲ್ಲಿ ಹೋಗೋದು ಬುಡಿ, ಗಂಡಸ್ರಿಗೆ ಟಿಕೆಟ್ ದರ 2025ರ ಜನವರಿ 5ರಿಂದ ನೂರಕ್ಕೆ ಹದಿನೈದು ಜಾಸ್ತಿ ಆಯ್ತಲ್ಲ, ಅದೂ ಒಂದು ನೆಪಕ್ಕೆ ಸೇರ್ಕೊಂಡ್ತು. ಇಂಗೆ ಒಬ್ಬೊಬ್ರದ್ದೂ ಒಂದೊಂದು ಲೆಕ್ಕ ಬಂತು. ನನ್ನ ಲೆಕ್ಕ ಮಾತ್ರ ಸೊನ್ನೆ. ಟಿಕೆಟ್ ಮೇಲೆ ಸೊನ್ನೆ ಅಂತ ಅಚ್ಚಾಗಿರೋದನ್ನ ನೋಡಿ ನನ್ನ ದಿನಾನೂ ಸೊನ್ನೆ ಅಂತ ತಿಳ್ಕೊಂಡ್ಬುಟ್ರು.

ಅದಕ್ಕೆ ನಾನು ಒಂದು ತಿಂಗಳು ಡೈರೀಲಿ ಬರೆದಿಟ್ಟೆ. ನಿಮ್ಗೂ ತೋರಿಸ್ತೀನಿ, ನಿಮ್ದೂ ಹೆಚ್ಚುಕಮ್ಮಿ ಇಂಗೇ ಇರ್ತದೆ.

ಮಿರ್ಲೆಯಿಂದ ಕೆ.ಆರ್.ನಗರಕ್ಕೆ ಸೊನ್ನೆ. ಅಲ್ಲಿಂದ ಮೈಸೂರಿಗೆ ಸೊನ್ನೆ. ಮೈಸೂರಿಂದ ಪಟ್ಣಕ್ಕೆ ಸೊನ್ನೆ. ಪಟ್ಣ ಬಸ್‌ಸ್ಟ್ಯಾಂಡಿಂದ ಗಂಜಾಂಗೆ ಆಟೋ ಅರವತ್ತು, ವಾಪಸ್ಸು ಅರವತ್ತು. ಶುಕ್ರವಾರ, ಹುಣ್ಣಿಮೆ, ಅಮಾಸೆ ದಿನ ನಿಮಿಷಾಂಬ ಗುಡಿಗೆ ಜನವೋ ಜನ, ಆಟೋದೋರು ನೂರು ಕೇಳ್ತಾರೆ, ಅದಕ್ಕೇ ನಾನು ಮಂಗಳವಾರ, ಶನಿವಾರ ಹೋಗೋದು. ಸಕ್ಕರೆ ಕಾಯಿಲೆ ನಂಗೂ ಶುರುವಾಗೈತೆ, ಹೊಟ್ಟೆ ಖಾಲಿ ಬಿಡಂಗಿಲ್ಲ, ಮೈಸೂರಲ್ಲಿ ಕಾಫಿ, ಒಂದು ಇಡ್ಲಿ, ನಲವತ್ತು. ಅವ್ವನಿಗೆ ಬಾಳೆಹಣ್ಣು, ಎಳನೀರು, ದೇವರಿಗೆ ಒಂದು ಮೊಳ ಹೂವು, ಎಂಬತ್ತು. ಒಟ್ಟು ಇನ್ನೂರ ನಲವತ್ತು. ತಿಂಗಳಿಗೆ ಎಂಟು ಸಲ ಅಂದ್ರೆ ಸಾವಿರದ ಒಂಬೈನೂರ ಇಪ್ಪತ್ತು. ಅದ್ರಲ್ಲಿ ಎರಡು ಸಲ ಕೆ.ಆರ್.ನಗರಕ್ಕೆ ಬರೋಹೊತ್ಗೆ ನಮ್ಮೂರ ಬಸ್ಸು ಹೋಗ್ಬುಟ್ಟಿತ್ತು, ಆಟೋ ಮಾಡ್ಕೊಂಡು ಬಂದೆ, ಒಂದ್ಸಲಕ್ಕೆ ಮುನ್ನೂರು. ಎಲ್ಲಾ ಸೇರಿ ಎರಡು ಸಾವಿರದ ಐನೂರ ಇಪ್ಪತ್ತು. ಗೃಹಲಕ್ಷ್ಮಿ ದುಡ್ಡು ಎರಡು ಸಾವಿರ ಬಂದಿದ್ದು ಬಂದಂಗೇ ಹೋಯ್ತು, ಮಿಕ್ಕ ಐನೂರ ಇಪ್ಪತ್ತು ಡೈರಿ ಹಾಲಿನ ದುಡ್ಡಲ್ಲಿ. ಇದು ಫ್ರೀ ಪ್ರಯಾಣದ ಲೆಕ್ಕ ಕಣ್ರೇ.

ಇನ್ನು ಹೊತ್ತಿನ ಲೆಕ್ಕ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು, ಮುದ್ದೆ-ಸಾರು, ಮಧ್ಯಾಹ್ನದ ಅನ್ನ ಎಲ್ಲಾ ಮಾಡಿಟ್ಟು ಏಳಕ್ಕೆ ಬಸ್ ಹತ್ತಿದ್ರೆ ಗಂಜಾಂ ಸೇರೋದು ಹತ್ತೂಕಾಲು. ಮೂರಕ್ಕೆ ಹೊರಟ್ರೆ ಮನೆ ಸೇರೋದು ಆರೂಮುಕ್ಕಾಲು. ಏಳು ಗಂಟೆ ಬಸ್ಸಲ್ಲಿ, ಬಸ್‌ಸ್ಟ್ಯಾಂಡಲ್ಲಿ. ಅವ್ವನ ಜೊತೆ ಐದು ಗಂಟೇನೂ ಇಲ್ಲ. ಬಂದ್ಮೇಲೆ ಕಾಲು ಚಾಚೋಕಿಲ್ಲ, ಹಸು ಅರಚ್ತಾ ಇರ್ತದೆ, ಒಲೆ ಮೇಲೆ ಎಸರಿಡ್ಬೇಕು. ನಾಟಿ ಕಾಲದಲ್ಲಿ ನಮ್ಮ ಗದ್ದೆಗೆ ಬರೋ ಹೆಣ್ಣಾಳಿಗೆ ದಿನಕ್ಕೆ ನಾನೂರು ರೂಪಾಯಿ ಕೂಲಿ ಕೊಟ್ಟು, ಕಾಫಿ-ತಿಂಡೀನೂ ಕೊಡ್ತೀವಿ. ನಾನು ಗಂಜಾಂಗೆ ಹೋದ ದಿನ ನನ್ನ ಬದಲಿಗೆ ಒಂದು ಆಳು ಜಾಸ್ತಿ ಕರೀಬೇಕಾಗ್ತದೆ. ಆ ನಾನೂರನ್ನ ಯಾರ ಲೆಕ್ಕಕ್ಕೆ ಬರೀಲಿ ಹೇಳಿ? ಯಜಮಾನ್ರು ಬಾಯಿಬಿಟ್ಟು ಏನೂ ಅನ್ನಲ್ಲ, ಆದ್ರೆ ಆಳಿಗೆ ದುಡ್ಡು ಎಣಿಸುವಾಗ ಒಸಿ ನಿಧಾನಕ್ಕೆ ಎಣಿಸ್ತಾರೆ.

ಒಂದು ಲಾಭ ಐತೆ, ಸುಳ್ಳು ಯಾಕೆ ಹೇಳ್ಲಿ. ಇದನ್ನೆಲ್ಲಾ ನಾನು ಬರೆಯೋದೇ ಬಸ್ಸಲ್ಲಿ. ಮನೇಲಿ ಪುಸ್ತಕ ಹಿಡಿದು ಕೂತ್ರೆ ಐದು ನಿಮಿಷಕ್ಕೆ ಒಬ್ರು "ಕಾಫಿ ಐತಾ?" ಅಂತಾರೆ. ಬಸ್ಸಲ್ಲಿ ಯಾರೂ ಕೇಳಲ್ಲ. ಸಾಗರಕಟ್ಟೆ ಸೇತುವೆ ಮೇಲೆ ಹೋಗುವಾಗ ಎರಡೂ ಕಡೆ ಕನ್ನಂಬಾಡಿ ಹಿನ್ನೀರು, ಗಾಳಿ, ಅಲ್ಲಿ ಎರಡು ಸಾಲು ಬರೀತೀನಿ. ಇಲವಾಲ ಬಂದ್ರೆ ಜನ ತುಂಬ್ಕೋತಾರೆ, ಪುಸ್ತಕ ಮುಚ್ಚಬೇಕು. ಅಕ್ಷರ ಸೊಟ್ಟಗಿರ್ತದೆ, ಮಗಳು ಮೊಬೈಲಲ್ಲಿ ಟೈಪ್ ಮಾಡುವಾಗ ಬಯ್ಕೋತಾಳೆ.

ದ್ವೀಪ ಅಂದ್ನಲ್ಲ, ಅದಕ್ಕೊಂದು ಮಾತು ನೆನಪಾಯ್ತು. ನಮ್ಮ ತಂಗಿ ಮಗಳು ಜರ್ಮನೀಲಿ ಕೆಲಸದಲ್ಲವ್ಳೆ. ರಜೆಗೆ ಗ್ರೀಸ್ ದೇಶದ ಸ್ಯಾಂಟೊರಿನಿ ಅನ್ನೋ ದ್ವೀಪಕ್ಕೆ ಹೋಗಿ ಫೋಟೋ ಕಳ್ಸಿದ್ಲು, ಬೆಟ್ಟದ ಅಂಚಲ್ಲಿ ಸುಣ್ಣ ಬಳ್ದಂಗೆ ಬೆಳ್ಳಗಿನ ಮನೆ, ನೀಲಿ ಗುಮ್ಮಟ. ನಾನು ಫೋಟೋಗಿಂತ ಮೊದ್ಲು ಕೇಳಿದ್ದು, "ಅಲ್ಲಿನ ಹೆಂಗಸ್ರು ತವರಿಗೆ ಹೆಂಗೆ ಹೋಗ್ತಾರಮ್ಮಿ?" ಅಂತ. ಹಡಗಲ್ಲಿ ಹೋಗ್ತಾರಂತೆ, ಗಂಟೆಗಟ್ಟಲೆ. ಹಡಗಿನ ಟಿಕೆಟ್ಟು ದುಬಾರಿ. ಆದ್ರೆ ಅಲ್ಲಿನ ಸರ್ಕಾರ 2018ರಲ್ಲಿ ಒಂದು ಪದ್ಧತಿ ಮಾಡೈತೆ. ದ್ವೀಪದಲ್ಲಿ ಮನೆ ಇರೋರು ಹಡಗಿಗೆ ಕೊಟ್ಟ ದುಡ್ಡು ಎಷ್ಟು, ಅಷ್ಟೇ ದೂರ ನೆಲದ ಮೇಲೆ ಹೋಗಿದ್ರೆ ಎಷ್ಟಾಗ್ತಿತ್ತು, ಆ ವ್ಯತ್ಯಾಸವನ್ನ ಅವ್ರಿಗೆ ವಾಪಸ್ ಕೊಡ್ತದಂತೆ. ದ್ವೀಪದಲ್ಲಿ ಹುಟ್ಟಿದ ತಪ್ಪಿಗೆ ಜಾಸ್ತಿ ದುಡ್ಡು ಕೊಡೋದು ಬ್ಯಾಡ ಅಂತ. ನಂಗೆ ಹಿಡಿಸಿದ್ದು ದುಡ್ಡಲ್ಲ, ಒಬ್ರು ಕೂತು ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿದ್ರಲ್ಲ, ಅದು.

ನಮ್ಮ ಪಟ್ಣಕ್ಕೆ ಹಡಗು ಬೇಕಿಲ್ಲ. ಪೂರ್ಣಯ್ಯನವರು ದಿವಾನರಾಗಿದ್ದಾಗ, 1804ರಲ್ಲೇ ಕಲ್ಲಿನ ಸೇತುವೆ ಆಗೈತೆ, ವೆಲ್ಲೆಸ್ಲಿ ಸೇತುವೆ, ಈಗಲೂ ನಿಂತೈತೆ. ಸಾಗರ ತಾಲ್ಲೂಕಿನ ತುಮರಿ ಕಡೆ ಜನಕ್ಕೆ ಆ ಭಾಗ್ಯ ಇರ್ಲಿಲ್ಲ. ಲಿಂಗನಮಕ್ಕಿ ಹಿನ್ನೀರು ಬಂದ್ಮೇಲೆ ಅವ್ರೆಲ್ಲಾ ಲಾಂಚಲ್ಲೇ ಓಡಾಡಿದ್ದು. ನಾವು ಒಂದ್ಸಲ ಸಿಗಂದೂರಿಗೆ ಹೋದಾಗ ಲಾಂಚಿಗೆ ಕಾಯ್ತಾ ಒಬ್ಬ ಅಜ್ಜಿ ಹೇಳಿದ್ರು, "ಲಾಂಚಿಗೆ ದುಡ್ಡು ಜಾಸ್ತಿ ಇಲ್ಲವ್ವ, ಸಾಯಂಕಾಲ ಆದ್ಮೇಲೆ ಲಾಂಚೇ ಇಲ್ಲ." ಹೆರಿಗೆ ನೋವು ಬಂದ ಹೆಂಗಸಿಗೆ ಟಿಕೆಟ್ ದರ ಕಮ್ಮಿ ಇದ್ರೆ ಏನು ಬಂತು? 2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ಆಯ್ತು, ಟೀವೀಲಿ ನೋಡಿ ಆ ಅಜ್ಜಿ ಅವ್ರೋ ಇಲ್ವೋ ಅಂದ್ಕೊಂಡೆ. ಓಡಾಟದ ಖರ್ಚು ಅಂದ್ರೆ ಟಿಕೆಟ್ ಒಂದೇ ಅಲ್ಲ. ನಮ್ಗೂ ಸಾಯಂಕಾಲ ಕೆ.ಆರ್.ನಗರದಿಂದ ಒಂದು ಬಸ್ಸು ಜಾಸ್ತಿ ಬಿಟ್ರೆ ನನ್ನ ಆರುನೂರು ಉಳೀತದೆ. ಬಸ್ಸು ಫ್ರೀ ಮಾಡಿದೋರು ಬಸ್ಸನ್ನೂ ಜಾಸ್ತಿ ಬಿಡ್ಬೇಕು ಅನ್ನೋದು ನನ್ನ ಮಾತು.

ಸರ್ಕಾರಕ್ಕೆ ಹೇಳೋದು ಅಷ್ಟೇ. ಮಿಕ್ಕಿದ್ದು ಮನೆಯೋರಿಗೆ.

ನಾನು ಲೆಕ್ಕದ ಡೈರಿ ತೋರ್ಸಿದಾಗ ತಮ್ಮ ಅಂದಿದ್ದು, "ಏನಕ್ಕ, ಅವ್ವನ ಸೇವೆಗೂ ಲೆಕ್ಕ ಬರೀತೀಯಾ?" ಈ ಮಾತಿಗೆ ಬಹಳ ಜನ ಹೆಣ್ಮಕ್ಕಳು ಬಾಯಿ ಮುಚ್ಕೋತಾರೆ. ಮುಚ್ಕೋಬೇಡಿ. ಅಪ್ಪ ತೀರ್ಕೊಂಡ್ಮೇಲೆ ಗದ್ದೆ ಭಾಗ ಮಾಡುವಾಗ ಗುಂಟೆ ಗುಂಟೆಗೂ ಹಗ್ಗ ಹಿಡ್ದು ಅಳೆದ್ರು. ತೆಂಗಿನ ಮರ ಎಣಿಸಿದ್ರು. ನಾನೂ ನಮ್ಮ ತಂಗೀನೂ ಹಕ್ಕು ಬಿಟ್ಟು ಕೊಟ್ಟಿದ್ದೀವಿ ಅಂತ ಪತ್ರಕ್ಕೆ ಸೈನ್ ಹಾಕಿದ್ವಿ, ಒಂದೊಂದು ಸೀರೆ ಕೊಟ್ರು. ಅವತ್ತು ಯಾರೂ "ಅಪ್ಪನ ಆಸ್ತಿಗೆ ಲೆಕ್ಕ ಯಾಕೆ" ಅನ್ಲಿಲ್ಲ. ಆಸ್ತಿಗೆ ಲೆಕ್ಕ ಇರ್ಬೇಕು, ಸೇವೆಗೆ ಲೆಕ್ಕ ಇರಬಾರದು ಅಂದ್ರೆ, ಯಾರ ಪಾಲಿಗೆ ಯಾವುದು ಬಂತು ಅಂತ ನೀವೇ ನೋಡ್ಕೊಳ್ಳಿ. ಹಿರಿಯ ನಾಗರಿಕರಿಗೆ ಅಂತ 2007ರಲ್ಲಿ ಒಂದು ಕಾನೂನು ಬಂದೈತೆ, ಅದ್ರಲ್ಲಿ ಅಪ್ಪ-ಅವ್ವನ್ನ ನೋಡ್ಕೊಳ್ಳೋ ಜವಾಬ್ದಾರಿ ಗಂಡುಮಕ್ಕಳಿಗೂ ಐತೆ, ಹೆಣ್ಮಕ್ಕಳಿಗೂ ಐತೆ. ಯಾರಿಗೆ ಬಸ್ಸು ಫ್ರೀ ಐತೋ ಅವ್ರೇ ನೋಡ್ಕೊಳ್ಳಿ ಅಂತ ಅದ್ರಲ್ಲಿಲ್ಲ.

ಅತ್ತಿಗೇನೂ ನಾದಿನೀನೂ ಬಯ್ಯೋದು ನಮ್ಮಲ್ಲಿ ಸುಲಭ. ನಾನು ಬಯ್ಯಲ್ಲ. ತಮ್ಮನ ಹೆಂಡ್ತಿಗೂ ಹುಣಸೂರಲ್ಲಿ ಅವಳ ಅಮ್ಮ ಅವ್ರೆ, ಅವ್ಳೂ ಅದೇ ಫ್ರೀ ಬಸ್ಸಲ್ಲಿ ಅಲ್ಲಿಗೆ ಓಡ್ತಾ ಅವ್ಳೆ. ಅವಳ ಅಣ್ಣನೂ ಅವಳಿಗೆ "ಬಸ್ಸು ಫ್ರೀ ಅಲ್ವಾ" ಅಂತಾನಂತೆ. ಹಂಗಾಗಿ ನಾವಿಬ್ರೂ ಎದುರು-ಬದುರು ಬಸ್ಸಲ್ಲಿ ಹೋಗ್ತಾ ಇದ್ದೀವಿ, ಗಂಡಸ್ರು ಮನೇಲಿ ಕೂತವ್ರೆ. ಒಂದಿನ ಮೈಸೂರ್ ಬಸ್‌ಸ್ಟ್ಯಾಂಡಲ್ಲೇ ಸಿಕ್ಕಿದ್ಲು, ಕೈಯಲ್ಲಿ ಅವಳಮ್ಮನ ಮಾತ್ರೆ ಕವರ್ರು, ನನ್ನ ಕೈಯಲ್ಲಿ ನಮ್ಮವ್ವನ ಮಾತ್ರೆ ಕವರ್ರು. ಇಬ್ರೂ ನಕ್ಕಿದ್ದೇ ನಕ್ಕಿದ್ದು, ಕಂಡಕ್ಟರ್ ನೋಡ್ತಾ ನಿಂತ್ಬುಟ್ಟ.

ಹಿಂಗೆ ಇರ್ಲಿ ಅಂತ ನಾನು ಬಿಡ್ಲಿಲ್ಲ. ಗೌರಿ ಹಬ್ಬಕ್ಕೆ ಅಣ್ಣ-ತಮ್ಮ ಅರಿಸಿನ-ಕುಂಕುಮಕ್ಕೆ ಅಂತ ದುಡ್ಡು ಕೊಡೋದು, ಸೀರೆ ಕೊಡೋದು ಇದ್ದದ್ದೇ. ಈ ಸಲ ನಾನು ಬಾಗಿನ ಇಸ್ಕೊಂಡು, ಸೀರೆ ವಾಪಸ್ ಇಟ್ಟು ಹೇಳ್ದೆ: "ಅಣ್ಣ, ಸೀರೆ ಬೀರೂಲಿ ಐತೆ. ನಂಗೆ ಇನ್ಮೇಲೆ ತಿಂಗಳಿಗೆ ಆಟೋ ದುಡ್ಡು, ಬದಲಿ ಆಳಿನ ದುಡ್ಡು ಕೊಡಿ. ಕೊಡೋಕಾಗಲ್ಲ ಅಂದ್ರೆ ಒಂದೊಂದು ವಾರ ನೀವೇ ಬನ್ನಿ. ಅವ್ವನಿಗೆ ತಲೆಗೆ ನೀರು ಹಾಕೋಕೆ ಪಕ್ಕದ್ಮನೆಯೋರಿಗೆ ಹೇಳಿ ವ್ಯವಸ್ಥೆ ಮಾಡ್ತೀನಿ, ನೀವು ಮಾತ್ರೆ ತುಂಬಿ, ಹತ್ರ ಕೂತು ಮಾತಾಡಿ, ಅಷ್ಟು ಸಾಕು." ಒಂದು ಗಳಿಗೆ ಎಲ್ಲಾ ಸುಮ್ನಾದ್ರು. ಒಬ್ಬಟ್ಟು ಬಡಿಸ್ತಿದ್ದ ಅತ್ತಿಗೆ ತಟ್ಟೆ ಕೈಯಲ್ಲೇ ಹಿಡ್ಕೊಂಡು, "ಇವಳು ಹೇಳೋದು ಸರಿಯಾಗೇ ಐತೆ, ಬಂದ್ರೆ ನೀವೂ ನಿಮ್ಮವ್ವನ ಮುಖ ನೋಡ್ಬೋದು" ಅಂದ್ರು. ಅಣ್ಣನಿಗೆ ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ. ಊಟ ಆದ್ಮೇಲೆ "ನೋಡೋಣ" ಅಂದ. ನೋಡೋಣ ಅಂದ್ರೆ ನಮ್ಮ ಮನೇಲಿ ಆಗಲ್ಲ ಅಂತ ಅರ್ಥ, ಆದ್ರೆ ಈ ಸಲ ಹಂಗಾಗ್ಲಿಲ್ಲ.

ಈಗ ಏನಾಗೈತೆ ಅಂದ್ರೆ, ತಮ್ಮ ತಿಂಗಳಿಗೆ ಎರಡು ಶನಿವಾರ ಹೋಗ್ತಾನೆ. ಬೈಕಲ್ಲೇ ಹೋಗ್ತಾನೆ, ಸರ್ವಿಸ್ ರೋಡು ಅಷ್ಟೇನೂ ಕೆಟ್ಟಿಲ್ವಂತೆ. ಮೊದಲನೇ ಸಲ ಮಾತ್ರೆ ಡಬ್ಬೀಲಿ ಬೆಳಿಗ್ಗೇದು ರಾತ್ರಿಗೆ, ರಾತ್ರೀದು ಬೆಳಿಗ್ಗೆಗೆ ತುಂಬಿದ್ದ, ಅವ್ವನೇ ಕಂಡುಹಿಡಿದು ಫೋನ್ ಮಾಡ್ಸಿತು. ಎರಡನೇ ಸಲಕ್ಕೆ ಸರಿ ಮಾಡ್ದ. ಹೊಳೆ ಮೆಟ್ಟಿಲ ಹತ್ರ ಅವ್ವನ್ನ ಕೂರ್ಸಿ ಇಬ್ರೂ ಕಡಲೆಕಾಯಿ ತಿಂದ್ರಂತೆ. ಅವ್ವ ಅದನ್ನ ನಂಗೆ ಮೂರು ಸಲ ಹೇಳ್ತು. ನಾನು ವಾರಕ್ಕೆ ಎರಡು ಸಲ ಹೋಗಿ ಬಟ್ಟೆ ಒಗೆದಿದ್ದನ್ನ ಒಂದ್ಸಲನಾದ್ರೂ ಯಾರಿಗಾದ್ರೂ ಹೇಳೈತೋ ಇಲ್ವೋ, ಇರ್ಲಿ ಬುಡಿ.

ಅಣ್ಣ ತಿಂಗಳ ಒಂದನೇ ತಾರೀಕು ಒಂದೂವರೆ ಸಾವಿರ ಫೋನ್‌ಪೇ ಮಾಡ್ತೀನಿ ಅಂತ ಒಪ್ಕೊಂಡವ್ನೆ. ಎರಡು ತಿಂಗಳು ಬಂತು. ಈ ತಿಂಗಳು ಇವತ್ತು ನಾಲ್ಕನೇ ತಾರೀಕು, ಇನ್ನೂ ಬಂದಿಲ್ಲ. ನಾಳೆ ಬಸ್ಸಲ್ಲಿ ಕೂತ್ಕೊಂಡೇ ಫೋನ್ ಮಾಡ್ತೀನಿ. ನೀವೂ ಒಂದು ತಿಂಗಳು ಲೆಕ್ಕ ಬರೆದು ನೋಡಿ, ಆಟೋ, ಕಾಫಿ, ಬದಲಿ ಆಳು, ತಪ್ಪಿದ ಬಸ್ಸು ಎಲ್ಲಾ ಬಿಡದಂಗೆ. ನಿಮ್ಮನೇಲಿ ಎಷ್ಟು ಬಂತು ಅಂತ ನಂಗೆ ತಿಳ್ಸಿ. ಉಪ್ಸಾರಿನ ಖಾರ ಮರ್ತಿಲ್ಲ.